ಹಾಲವ್ವ ಹದ ಮಾಡಿದ ನೀರು

ಭಾಂಡುಪ್‌ನ ಗುಡ್ಡದ ಮೇಲಿನ ಝೋಪಡಪಟ್ಟಿಗೆ ನಳ ಒಂದೇ, ಮನೆಗಳು ನೂರಕ್ಕೂ ಹೆಚ್ಚು. ನೀರು ಬೆಳಗಿನ ಐದಕ್ಕೆ ಬರಬೇಕು. ಬರುವುದು ಆರಕ್ಕೆ, ಹೋಗುವುದು ಏಳಕ್ಕೆ. ಆ ಒಂದು ತಾಸಿನಲ್ಲಿ ನೂರು ಮನೆಯ ಕೊಡ ತುಂಬಬೇಕು, ನೂರು ಮನೆಯ ಜಗಳವೂ ಮುಗಿಯಬೇಕು. ಪಾಳಿ ತಪ್ಪಿಸಿದವಳ ಏಳು ತಲೆಮಾರನ್ನು ಬೈದು, ಕೊಡ ತುಂಬಿದ ಮೇಲೆ ಅವಳಿಗೇ ಕೈಕೊಟ್ಟು ತಲೆಗೆ ಎತ್ತಿಸುವುದು ಅಲ್ಲಿಯ ರೀತಿ.

ಇಷ್ಟು ಬಡಿದಾಡಿ ತಂದ ನೀರನ್ನು ಯಾರಾದರೂ ಕೆಟ್ಟ ನೀರು ಎಂದರೆ ಮೈ ಉರಿಯುವುದಿಲ್ಲವೇ? ಆದರೆ ನೀರು ಕೆಟ್ಟಿತ್ತು. ನಳದ ಪೈಪು ಗಟಾರದೊಳಗಿಂದಲೇ ಹಾದು ಬಂದಿತ್ತು. ಜೋಡಣೆ ಬಿಟ್ಟ ಒಂದು ಜಾಗದಲ್ಲಿ ಯಾರೋ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರು. ನೀರು ಬರುವಾಗ ಅಲ್ಲಿಂದ ಹೊರಗೆ ಚಿಮ್ಮುತ್ತಿತ್ತು, ಅದನ್ನು ಎಲ್ಲರೂ ನೋಡುತ್ತಿದ್ದರು. ನೀರು ನಿಂತಾಗ ಅದೇ ಸಂದಿಯಿಂದ ಗಟಾರದ್ದು ಒಳಗೆ ಹೋಗುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯ ಮೇ ತಿಂಗಳಲ್ಲಿ ಆ ಓಣಿಯ ಭಾಗವ್ವ ಸತ್ತಳು. ಇಪ್ಪತ್ತೆರಡರ ಹೆಂಗಸು, ಆರು ತಿಂಗಳ ಬಸುರಿ. ಮೊದಲು ಊಟ ಸೇರಲಿಲ್ಲ. ಬಸುರಿಗೆ ಇದ್ದದ್ದೇ ಎಂದರು. ಆಮೇಲೆ ಕಣ್ಣು ಹಳದಿಯಾಯಿತು. ಕಾಮಣಿ ಆಗಿದೆ ಎಂದು ಎಲ್ಲೋ ಹೋಗಿ ಕೈಗೆ ದಾರ ಕಟ್ಟಿಸಿಕೊಂಡು ಬಂದರು. ಎಂಟನೆಯ ದಿನ ಏನೇನೋ ಬಡಬಡಿಸತೊಡಗಿದಳು. ಒಂಬತ್ತನೆಯ ದಿನ ಗಂಡನ ಗುರುತೂ ಹಿಡಿಯಲಿಲ್ಲ. ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೊಟ್ಟೆಯೊಳಗಿನ ಕೂಸೂ ಅವಳ ಜೊತೆಗೇ ಹೋಯಿತು.

ಮೈಯಲ್ಲಿ ಉಷ್ಣ ಹೆಚ್ಚಾಗಿತ್ತು ಎಂದಳು ಒಬ್ಬಳು. ದೃಷ್ಟಿ ತಾಗಿತ್ತು ಎಂದಳು ಇನ್ನೊಬ್ಬಳು. ಹಾಲವ್ವ ಎಲ್ಲರ ಮಾತನ್ನೂ ಕೇಳುತ್ತ ಕೂತಿದ್ದಳು. ಅವಳ ಮನೆಯಲ್ಲೂ ಸೊಸೆ ಸುಂದ್ರವ್ವ ಬಸುರಿ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸಿರು, ಆಗ ಐದು ತಿಂಗಳು.

ಹಾಲವ್ವ ಸಿಂದಗಿ ಕಡೆಯವಳು. ಗಂಡ ತೀರಿದ ಮೇಲೆ ಮಗ ಶೆಟ್ಟೆಪ್ಪನನ್ನು ಕಟ್ಟಿಕೊಂಡು ಮುಂಬಯಿಗೆ ಬಂದು ಹತ್ತು ವರ್ಷ ಇಟ್ಟಿಗೆ ಹೊತ್ತಳು. ನಡ ಹಿಡಿದ ಮೇಲೆ ಕೂಲಿಯಾಳುಗಳ ಮುಕಾದಮ ಧರ್ಮಣ್ಣ ಅವಳನ್ನು ಕೆಲಸದಿಂದ ತೆಗೆಯದೆ ನೀರಿನ ಕೆಲಸಕ್ಕೆ ಹಾಕಿದ. ಗುಡ್ಡದ ಕೆಳಗೆ ಏಳುತ್ತಿದ್ದ ಕಾಲೊನಿಯ ಬಿಲ್ಡಿಂಗಿನಲ್ಲಿ ಅರವತ್ತು ಮಂದಿ ದುಡಿಯುತ್ತಿದ್ದರು. ಅದೇ ಪೈಪಿನಿಂದ ಪೀಪಾಯಿಗೆ ತುಂಬುವ ನೀರನ್ನು ಅವರಿಗೆಲ್ಲ ಕುಡಿಯಲು ಕೊಡುವುದು ಅವಳ ಕೆಲಸ. ಸಣ್ಣ ಕೆಲಸ ಎಂದು ನೀವು ಅಂದೀರಿ. ಹಾಲವ್ವನ ಮುಂದೆ ಹಾಗೆ ಅಂದಿದ್ದರೆ ನಿಮಗೆ ಅಂದು ನೀರು ಸಿಗುತ್ತಿರಲಿಲ್ಲ.

ಏಕೆಂದರೆ ಅವಳು ನೀರು ಸೋಸದೆ ಯಾರಿಗೂ ಕೊಟ್ಟವಳಲ್ಲ. ಒಗೆದು ಬಿಸಿಲಿಗೆ ಒಣಗಿಸಿದ ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ, ಮಣ್ಣಿನ ಹರವಿಯ ಬಾಯಿಗೆ ಬಿಗಿಯಾಗಿ ಕಟ್ಟಿ, ಮೇಲಿಂದ ನಿಧಾನಕ್ಕೆ ನೀರು ಬಿಡುವುದು. ತಾಯಿ ಕಲಿಸಿದ್ದು, ತಾಯಿಗೆ ಅವಳ ತಾಯಿ. ಸೈಟಿನಲ್ಲಿ ಬೇರೆ ಮುಕಾದಮರ ಆಳುಗಳೂ ಬಂದು ಹಾಲವ್ವನ ನೀರು ಕೊಡಿ ಎಂದು ಕೇಳಿ ಕುಡಿಯುತ್ತಿದ್ದರು. ಓದು ಬರಹ ಇಲ್ಲದ, ಹೊಲ ಮನೆ ಇಲ್ಲದ ಆ ಹೆಂಗಸಿಗೆ ಈ ಊರಿನಲ್ಲಿ ಇದ್ದ ಹೆಸರು ಅದೊಂದೇ.

ಭಾಗವ್ವ ಸತ್ತ ವಾರಕ್ಕೆ ಮುನ್ಸಿಪಾಲ್ಟಿ ದವಾಖಾನೆಯಿಂದ ನರ್ಸು ವಿನೋದಿನಿ ಬಂದಳು. ಉಡುಪಿ ಕಡೆಯ ಹುಡುಗಿ, ಮನೆ ವಡಾಲದಲ್ಲಿ. ದಿನಾ ಕುರ್ಲಾದಲ್ಲಿ ಲೋಕಲ್ ಬದಲಿಸಿ ಬರುತ್ತಿದ್ದಳು. ಮನೆ ಮನೆಗೆ ಹೋಗಿ ಹೋಗಿ ಗಂಟಲು ಒಣಗಿ, ಕೊನೆಗೆ ಹಾಲವ್ವನ ಬಾಗಿಲಿಗೆ ಬಂದು ನಿಂತಳು.

"ನಿಮ್ಮ ಮನೆಯಲ್ಲಿ ಬಸುರಿ ಇದ್ದಾರಂತೆ ಅಲ್ವಾ ಅಜ್ಜಿ?"

"ಅದಾಳ್ರಿ ಬಾಯಾರ, ನಮ್ಮ ಸೊಸಿ. ಯಾಕ್ರಿ?"

"ಕುಡಿಯುವ ನೀರಿಗೆ ಎಂತ ಮಾಡ್ತೀರಿ?"

"ಸೋಸತೀನ್ರಿ. ನಾಕ ಮಡಿಕಿ ಅರಬಿ ಹಾಕಿ. ಸೋಸಲಾರದ ನೀರ ನಮ್ಮ ಮನ್ಯಾಗ ಯಾರ ಬಾಯಿಗೂ ಹೋಗಿಲ್ಲ."

"ಸೋಸೂದು ಒಳ್ಳೇದೇ. ಆದ್ರೆ ಅದೊಂದೇ ಸಾಲುದಿಲ್ಲ ಅಜ್ಜಿ. ಭಾಗವ್ವನಿಗೆ ಬಂದ ಕಾಯಿಲೆ ನೀರಿನಿಂದ ಬಂದದ್ದು. ಅದರ ವಿಷ ಕಣ್ಣಿಗೆ ಕಾಣುದಿಲ್ಲ. ಬಟ್ಟೆಯಲ್ಲಿ ನೀರು ಇಳಿಯುವಾಗ ಅದೂ ಇಳೀತದೆ. ಬೇರೆಯವರಿಗೆ ಬಂದ್ರೆ ತಿಂಗಳು ಮಲಗಿ ಏಳ್ತಾರೆ. ಬಸುರಿಯರಿಗೆ ಬಂದ್ರೆ ಜೀವಕ್ಕೇ ಕಷ್ಟ. ಕುದಿಸಿಯೇ ಕೊಡಬೇಕು."

ಹಾಲವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ತನಗೆ ನೀರಿನ ಪಾಠ ಹೇಳಲು ಬಂದಿದ್ದಾಳೆ.

"ಬಾಯಾರ, ನಮ್ಮೂರಾಗ ಮೆಟ್ಟಿಲ ಬಾವಿ ಇತ್ತು. ಆ ನೀರ ಕುಡದು ಮಂದಿಗೆಲ್ಲಾ ನಾರ ಆಗತಿತ್ತು. ಕಾಲಾಗಿಂದ ದಾರದಂಥಾ ಹುಳ ಹೊರಗ ಬರ್ತಿತ್ರಿ. ಸುಗ್ಗ್ಯಾಗ ಮನಿ ಮನ್ಯಾಗ ಕಾಲ ಚಾಚಿ ಮಲಗತಿದ್ರು. ನಮ್ಮ ಮನ್ಯಾಗ ಒಬ್ಬರಿಗೂ ಬರಲಿಲ್ಲ. ಯಾಕಂದ್ರ ನಮ್ಮವ್ವ ಸೋಸತಿದ್ಲು. ಈಗ ನೀವ ಬಂದು ಅರಬಿ ಸಾಲೂದಿಲ್ಲ ಅಂದ್ರ ಹೆಂಗ ನಂಬೂದ್ರಿ?"

ವಿನೋದಿನಿ ನಗಲಿಲ್ಲ. "ನಿಮ್ಮ ತಾಯಿ ಮಾಡಿದ್ದು ಸರಿಯೇ ಅಜ್ಜಿ. ನಾರುಹುಣ್ಣಿಗೆ ಬಟ್ಟೆ ಸಾಕು. ಆ ಹುಳದ ಮರಿಯನ್ನು ಹೊತ್ತ ಜಂತು ಸ್ವಲ್ಪ ದೊಡ್ಡದು, ಬಟ್ಟೆಯಲ್ಲಿ ಸಿಕ್ಕಿ ಬೀಳ್ತದೆ. ಇದು ಅದಕ್ಕಿಂತ ತುಂಬಾ ಸಣ್ಣದು."

"ನೀವು ನೋಡೀರೇನ್ರಿ?"

"ಇಲ್ಲ. ದವಾಖಾನೆಗೆ ತಂದಾಗ ಭಾಗವ್ವನ ಕಣ್ಣು ನೋಡಿದ್ದೇನೆ."

ಅಷ್ಟಕ್ಕೇ ಸೋಲುವ ಹೆಂಗಸಲ್ಲ ಹಾಲವ್ವ. ಚಿಮಣಿ ಎಣ್ಣೆಗೆ ರೇಷನ್ ಅಂಗಡಿಯಲ್ಲಿ ಅರ್ಧ ದಿನ ನಿಂತರೂ ಸಿಗುವುದಿಲ್ಲ, ನೀರು ಕುದಿಸಲು ಎಲ್ಲಿಂದ ತರುವುದು ಎಂದು ಕೇಳಿದಳು. ಸೈಟಿನಲ್ಲಿ ಸೆಂಟ್ರಿಂಗ್ ಬಿಚ್ಚಿದ ಮೇಲೆ ಉಳಿಯುವ ಕಟ್ಟಿಗೆ ಚೂರು ಬಿದ್ದಿರುತ್ತದಲ್ಲ, ಬರುವಾಗ ಒಂದು ಬುಟ್ಟಿ ತನ್ನಿ ಎಂದಳು ವಿನೋದಿನಿ. ಸೈಟಿನ ಅರವತ್ತು ಮಂದಿಗೆ ಕುದಿಸಲಾದೀತೇ ಎಂದು ಹಾಲವ್ವ ಕೇಳಿದಳು. ಆಗ ವಿನೋದಿನಿ ಚೀಲದಿಂದ ಒಂದು ಸೀಸೆ ತೆಗೆದಳು. ಬ್ಲೀಚಿಂಗ್ ಪುಡಿ ಕಲಸಿ ಮಾಡಿದ ತಿಳಿ ನೀರು, ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಸೈಟಿನ ಪೀಪಾಯಿಗೆ ಎಷ್ಟು ಹಾಕಬೇಕೆಂದು ಸೀಸೆಯ ಮೇಲೆ ಗೆರೆ ಎಳೆದು ತೋರಿಸಿದಳು. ಹಾಕಿ, ಕಲಸಿ, ಮುಚ್ಚಿ, ಅರ್ಧ ತಾಸು ಬಿಟ್ಟು ಕೊಡಬೇಕು ಎಂದಳು.

ಹಾಲವ್ವ ಬಿರಡೆ ತೆಗೆದು ಮೂಸಿದಳು. ಗಟಾರದ ದಂಡೆಗೆ ಉದುರಿಸುವ ಪುಡಿಯ ವಾಸನೆ. ಇಂಥದ್ದನ್ನು ತನ್ನ ನೀರಿಗೆ ಹಾಕಿದರೆ ನಾಳೆಯಿಂದ ಹಾಲವ್ವನ ನೀರು ಎಂದು ಯಾರು ಕೇಳಿಕೊಂಡು ಬರುತ್ತಾರೆ? ಅವಳು ಸೀಸೆಯನ್ನು ಗೋಡೆಯ ಫಳಿಯ ಮೂಲೆಗೆ ತಳ್ಳಿದಳು.

"ಸೈಟಿನ ಮಾತ ಬಿಡ್ರಿ. ಸೊಸಿ ಸಲುವಾಗಿ ಕುದಿಸತೀನಿ, ಆತಿಲ್ರಿ?"

"ಕೊತಕೊತ ಕುದಿ ಬರಬೇಕು. ಬಂದ ಮೇಲೂ ಐದು ನಿಮಿಷ ಒಲೆ ಮೇಲೆ ಇಡಬೇಕು. ಹಬೆ ಬಂದ ಕೂಡ್ಲೇ ಇಳಿಸ್ಬೇಡಿ."

"ಆತ್ರಿ," ಎಂದಳು ಹಾಲವ್ವ. ಮಾತು ಕೊಟ್ಟಳು, ಕೊಟ್ಟ ಮಾತಿಗೆ ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ಬೇರೆ ಕಡೆ. ನಳದ ನೀರು ಮನೆಗೆ ಬರುವಷ್ಟರಲ್ಲಿ ಆರೂವರೆ. ಸೋಸಿ, ಒಲೆ ಹೊತ್ತಿಸಿ, ಕುದಿ ಬಂದು ಇಳಿಸುವಾಗ ಏಳು ದಾಟುತ್ತಿತ್ತು. ಏಳೂವರೆಗೆ ಸುಂದ್ರವ್ವ ಕೆಲಸಕ್ಕೆ ಹೊರಡಬೇಕು. ಬಸುರಿಯಾದರೇನು, ಹಾಜರಿ ತಪ್ಪಿದರೆ ಆ ದಿನದ ಕೂಲಿ ಇಲ್ಲ. ಮುಚ್ಚಳದ ತಂಬಿಗೆಗೆ ನೀರು ಹಾಕಿಕೊಟ್ಟರೆ ತಂಬಿಗೆಯನ್ನೇ ಹಿಡಿಯಲಾಗುತ್ತಿರಲಿಲ್ಲ.

"ಅತ್ತಿ, ಬಾಯಿ ಸುಡತೈತಿ," ಎಂದಳು ಸುಂದ್ರವ್ವ ಮೊದಲ ದಿನ. "ಮಧ್ಯಾನದ ಮಟಾನೂ ಆರಂಗಿಲ್ಲ ಇದು."

"ತಡಿ, ಹದಾ ಮಾಡಿ ಕೊಡತೀನಿ," ಎಂದಳು ಹಾಲವ್ವ.

ಜಳಕದ ನೀರಿಗೆ ತಣ್ಣೀರು ಬೆರೆಸಿ ಹದ ಮಾಡುತ್ತೇವಲ್ಲ, ಹಾಗೆ. ಕುದಿಸಿದ ನೀರಿಗೆ ಹರವಿಯಿಂದ ಒಂದು ಚರಿಗೆ ತಣ್ಣೀರು ಹಾಕಿದಳು. ಮೇ ತಿಂಗಳ ಬಿಸಿಲಿನಲ್ಲಿ ಇಟ್ಟಿಗೆ ಹೊರುವ ಬಸುರಿಯ ಕೈಗೆ ಸುಡುವ ನೀರು ಕೊಡಲು ಯಾವ ಅತ್ತೆಗೆ ಮನಸ್ಸು ಬಂದೀತು? ಹರವಿಯದ್ದೂ ಸೋಸಿದ ನೀರೇ. ಒಳ್ಳೆಯದಕ್ಕೆ ಒಳ್ಳೆಯದನ್ನು ಬೆರೆಸಿದರೆ ಕೆಡುವುದೇನು ಎಂದುಕೊಂಡಳು. ಅಷ್ಟು ಕೂಡ ಅಂದುಕೊಂಡಳೋ ಇಲ್ಲವೋ, ಕೈ ತಾನೇ ಹೋಗಿ ಚರಿಗೆ ಎತ್ತಿರಬೇಕು. ಸುಂದ್ರವ್ವ ನೀರು ಕುಡಿದು, "ಈಗ ಹಿತಾ ಆತ ನೋಡ್ರಿ ಅತ್ತಿ," ಎಂದಳು. ಅಂದಿನಿಂದ ದಿನಾ ಒಂದು ಚರಿಗೆ.

ಜೂನ್ ಬಂತು. ಮಳೆ ಹಿಡಿಯಿತು. ಗುಡ್ಡದ ಕೆಂಪು ಮಣ್ಣೆಲ್ಲ ಗಟಾರಕ್ಕೆ ಇಳಿದು ನಳದ ನೀರೂ ಕೆಂಪಾಯಿತು. ಹಾಲವ್ವ ಪಟಕದ ಹರಳು ತಿರುವಿ ರಾಡಿಯನ್ನು ತಳಕ್ಕೆ ಕೂರಿಸಿ, ಮೇಲಿನ ತಿಳಿಯನ್ನು ಸೋಸಿದಳು. ಕಣ್ಣಿಗೆ ನೀರು ಚೊಕ್ಕ ಕಂಡಿತು. ಸೈಟಿನವರಿಗೂ ಅದನ್ನೇ ಕೊಟ್ಟಳು. ಜುಲೈ ಮೊದಲ ವಾರ ಸೈಟಿನಲ್ಲಿ ಇಬ್ಬರು ಮಲಗಿದರು, ಆಮೇಲೆ ಇನ್ನೂ ನಾಲ್ವರು. ಮಳೆಯಲ್ಲಿ ನೆನೆದದ್ದಕ್ಕೆ ಜ್ವರ ಎಂದ ಧರ್ಮಣ್ಣ.

ಒಂದು ಬೆಳಿಗ್ಗೆ ಸುಂದ್ರವ್ವ ರೊಟ್ಟಿಯ ತಾಟನ್ನು ದೂರ ಸರಿಸಿ ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಿದ್ದಳು. ಹಾಲವ್ವ ಅವಳ ಕಣ್ಣು ನೋಡಿದಳು. ಬಿಳಿ ಇರಬೇಕಾದ ಜಾಗದಲ್ಲಿ ಅರಿಸಿನದ ಬಣ್ಣ.

ಆಗ ಹಾಲವ್ವ ಒಂದು ಒಳ್ಳೆಯ ಕೆಲಸ ಮಾಡಿದಳು. ದಾರ ಕಟ್ಟಿಸೋಣ ಎಂದು ಬಂದವರನ್ನು ಬಾಗಿಲಿಂದಲೇ ಕಳಿಸಿ, ಶೆಟ್ಟೆಪ್ಪನನ್ನು ಕರೆಸಿ, ಅಂದೇ ಸೊಸೆಯನ್ನು ದೊಡ್ಡ ದವಾಖಾನೆಗೆ ಸೇರಿಸಿದಳು. ಸುಂದ್ರವ್ವನ ಜೀವ ಉಳಿದದ್ದು ಅದರಿಂದ. ಆಗ ಅವಳಿಗೆ ಏಳು ತಿಂಗಳು ನಡೆಯುತ್ತಿತ್ತು.

ಸುದ್ದಿ ತಿಳಿದು ವಿನೋದಿನಿ ಮಳೆಯಲ್ಲಿ ನೆನೆಯುತ್ತ ಗುಡ್ಡ ಹತ್ತಿ ಬಂದಳು.

"ಕುದಿಸ್ತಿದ್ರಾ ಅಜ್ಜಿ? ನಿಜ ಹೇಳಿ."

"ದಿನಾ ಕುದಿಸೀನ್ರಿ. ನನ್ನ ಲಿಂಗದ ಆಣಿ."

"ಕುದಿಸಿದ್ರೆ ಬರಬಾರದಿತ್ತಲ್ಲ." ಅವಳು ಒಲೆಯ ಕಡೆ ನೋಡಿದಳು. "ಹೇಗೆ ಮಾಡ್ತೀರಿ, ನನಗೊಮ್ಮೆ ಮಾಡಿ ತೋರಿಸ್ತೀರಾ?"

ಹಾಲವ್ವ ತೋರಿಸಿದಳು. ಒದ್ದೆ ಕಟ್ಟಿಗೆ, ಹೊಗೆ ಕಣ್ಣಿಗೆ ಹೊಡೆಯಿತು. ಊದಿ ಊದಿ ಉರಿ ಎಬ್ಬಿಸಿದಳು. ನೀರು ಕುದಿಯಿತು. ಕುದಿ ಬಂದ ಮೇಲೂ ಬಿಟ್ಟಳು. ವಿನೋದಿನಿ ಕೈಗಡಿಯಾರ ನೋಡಿದಳು, ಐದು ನಿಮಿಷಕ್ಕೂ ಮೇಲೆ. ಎಲ್ಲವೂ ಸರಿಯಾಗಿಯೇ ಇತ್ತು. ಹಾಲವ್ವ ಪಾತ್ರೆ ಇಳಿಸಿದಳು, ಹರವಿಯ ಮುಚ್ಚಳ ತೆಗೆದಳು, ಒಂದು ಚರಿಗೆ ನೀರು ಮೊಗೆದಳು.

ವಿನೋದಿನಿ ಅವಳ ಮುಂಗೈ ಹಿಡಿದಳು.

"ಇದು ಯಾವ ನೀರು?"

"ಹರವ್ಯಾಂದ್ರಿ. ಸೋಸಿದ್ದ."

"ಕುದಿಸಿದ್ದಾ?"

"ಇಲ್ರಿ. ಹದಾ ಮಾಡಾಕ. ಬಿಸಿ ಆರೂದಿಲ್ಲಲ್ರಿ, ಅದಕ್ಕ ಒಂದ ಚರಿಗಿ."

"ದಿನಾ ಹಾಕಿದ್ರಾ?"

ಹಾಲವ್ವ ಹೂಂ ಎಂದು ಚರಿಗೆಯನ್ನು ಕೆಳಗಿಟ್ಟಳು. ಹುಡುಗಿಯ ಮುಖ ನೋಡಿ ಅವಳಿಗೆ ಏನೋ ತಿಳಿಯತೊಡಗಿತ್ತು. ವಿನೋದಿನಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಂದೂ ತಪ್ಪುಂಟು ಅಜ್ಜಿ. ಕುದಿಸಿ ಅಂತ ಹೇಳಿದೆ. ಹಸಿ ನೀರು ಬೆರೆಸ್ಬೇಡಿ ಅಂತ ಹೇಳ್ಲೇ ಇಲ್ಲ. ಸಂಜೆಯೇ ಕುದಿಸಿ ಮುಚ್ಚಿಡಿ, ಬೆಳಿಗ್ಗೆಗೆ ತಾನೇ ಆರಿರ್ತದೆ ಅಂತ ಹೇಳಿದ್ರೆ ಸಾಕಿತ್ತು. ಒಂದು ಮಾತು. ನನ್ನ ತಲೆಗೇ ಹೋಗ್ಲಿಲ್ಲ."

"ಒಂದ ಚರಿಗಿ ನೀರಿನ್ಯಾಗ ಅಷ್ಟ ಇರತೈತೇನ್ರಿ?"

"ಒಂದು ಗುಟುಕು ಸಾಕು. ಹೊಟ್ಟೆಗೆ ಹೋದ ಮೇಲೆ ಹೊರಗೆ ಕಾಣ್ಲಿಕ್ಕೆ ತಿಂಗಳು, ಒಂದೂವರೆ ತಿಂಗಳು ಬೇಕು, ಅಷ್ಟೇ."

ಹಾಲವ್ವ ಬೆರಳು ಮಡಚಿ ವಾರ ಎಣಿಸಿದಳು. ಆರು ವಾರ ಹಿಂದೆ ಹೋದರೆ ಮೇ ತಿಂಗಳ ಕೊನೆ. ಸೊಸೆಗೆ ತಾನು ನೀರು ಹದ ಮಾಡಿಕೊಡಲು ಶುರು ಮಾಡಿದ ದಿನಗಳು. ಅವಳು ಎಣಿಕೆ ನಿಲ್ಲಿಸಿ ವಿನೋದಿನಿಯ ಕೈ ಹಿಡಿದುಕೊಂಡಳು.

"ಬಾಯಾರ, ಯಾರ ಮುಂದೂ ಹೇಳಬ್ಯಾಡ್ರಿ. ನನ್ನ ಮಗಾ ನನ್ನ ಮುಖಾ ನೋಡಾಂಗಿಲ್ಲ."

"ನಾನು ಹೇಳುದಿಲ್ಲ. ಹೇಳುವುದಾದ್ರೆ ನೀವೇ ಹೇಳ್ಬೇಕು," ಎಂದಳು ವಿನೋದಿನಿ.

ದವಾಖಾನೆಯಲ್ಲಿ ನಾಲ್ಕನೆಯ ದಿನ ಸುಂದ್ರವ್ವನಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಅಳಲಿಲ್ಲ. ಶೆಟ್ಟೆಪ್ಪ ಅದನ್ನು ಮಣ್ಣು ಮಾಡಿ ಬಂದು, ಕೈಕಾಲು ತೊಳೆದು, ತಾಯಿಯ ಮುಂದೆ ಕೂತು ಅತ್ತ. "ಯವ್ವಾ, ನೀ ಎಷ್ಟ ಜ್ವಾಕಿ ಮಾಡಿದಿ ಆಕೀನ್ನ," ಎಂದ. ಮಗನ ಆ ಮಾತು ಹಾಲವ್ವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೂರನೆಯ ವಾರಕ್ಕೆ ಸುಂದ್ರವ್ವ ಮನೆಗೆ ಬಂದಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಹಾಲವ್ವ ಈಗ ಸಂಜೆಯೇ ನೀರು ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ, ಆರಲು ಬಿಡುತ್ತಿದ್ದಳು. ಆದರೆ ಬಾಯಿ ಬಿಡಲಿಲ್ಲ. ಯಾಕೆ ಹೇಳಬೇಕು? ಹೋದ ಕೂಸು ತಿರುಗಿ ಬರುವುದಿಲ್ಲ, ಇದ್ದವರ ಮನಸ್ಸು ಯಾಕೆ ಮುರಿಯಬೇಕು? ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾವಾದರೂ ಅದನ್ನೇ ಮಾಡುತ್ತಿದ್ದೆವು, ಸುಳ್ಳು ಯಾಕೆ?

ಪಕ್ಕದ ಮನೆಯ ನಾಗವ್ವನಿಗೆ ಆಗ ನಾಲ್ಕು ತಿಂಗಳು. ಭಾಗವ್ವನ ಸಾವು ನೋಡಿ ಹೆದರಿ ಅವಳೂ ನೀರು ಕುದಿಸುತ್ತಿದ್ದಳು. ಒಂದು ಮಧ್ಯಾಹ್ನ ಬಂದು ಸುಂದ್ರವ್ವನ ಹತ್ತಿರ ಕೂತಳು. ಹಾಲವ್ವ ಒಳಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ನೀನೂ ಕುದಿಸಿದ ನೀರ ಕುಡೀತಿದ್ದಿ ಅಲ್ಲ ಅಕ್ಕಾ?" ನಾಗವ್ವ ಕೇಳಿದಳು.

"ಒಂದ ದಿನಾನೂ ಬಿಟ್ಟಿಲ್ಲವಾ. ನಮ್ಮತ್ತಿ ಕುದಿಸಿ ಕೊಡತಿದ್ಲು."

"ಕುದಿಸಿದ್ರೂ ಬಂತಲ್ಲ ಮತ್ತ."

"ಬಂತು. ನನ್ನ ಹಣಿಬಾರದಾಗ ಇತ್ತು, ಬಂತು."

"ಹಂಗಾರ ಕುದಿಸಿ ಏನ್ ಉಪಯೋಗ? ಮಳ್ಯಾಗ ಒಣಾ ಕಟ್ಟಿಗಿ ಹುಡಿಕಿ ಹುಡಿಕಿ ನನಗೂ ಸಾಕಾಗೇತಿ. ಓಣ್ಯಾಗ ಎಲ್ಲಾರೂ ಬಿಟ್ರು. ನಾನೂ ನಾಳಿಂದ ಬಿಡತೀನಿ."

ಜರಡಿ ಹಿಡಿದ ಕೈ ನಿಂತಿತು. ಹಾಲವ್ವನಿಗೆ ಅಲ್ಲೇ ಎದ್ದು ಹೊರಗೆ ಹೋಗಬೇಕು ಅನಿಸಿತು. ಏಳಲಿಲ್ಲ. ನಾಗವ್ವ ಇನ್ನೂ ಸ್ವಲ್ಪ ಹೊತ್ತು ಕೂತು, ಮಳೆಯ ಮಾತು ಆಡಿ ಎದ್ದು ಹೋದಳು. ಹಾಲವ್ವ ಅಂದು ಊಟ ಮಾಡಲಿಲ್ಲ. ತಾನು ಮಾಡಿದ ತಪ್ಪು ಒಂದು ಕೂಸನ್ನು ತಿಂದಿತು. ತಾನು ಮುಚ್ಚಿಟ್ಟ ಮಾತು ಈಗ ಇನ್ನೊಂದರ ಮೇಲೆ ಕೂತಿದೆ. ಮೊದಲನೆಯದು ತಿಳಿಯದೆ ಆಯಿತು ಅನ್ನಬಹುದು. ಎರಡನೆಯದಕ್ಕೆ ಏನು ಅನ್ನುವುದು?

ಮರುದಿನ ಬೆಳಿಗ್ಗೆ ನಳದ ಹತ್ತಿರ ಪಾಳಿ ನಡೆದಿತ್ತು. ಸುಂದ್ರವ್ವನೂ ಸಣ್ಣ ಕೊಡ ಹಿಡಿದು ಬಂದಿದ್ದಳು. ನಾಗವ್ವ ತನ್ನ ಕೊಡ ತುಂಬಿಸಿ, ಬೊಗಸೆಯೊಡ್ಡಿ ನಳಕ್ಕೆ ಬಾಗಿದಳು. ಹಾಲವ್ವ ಮಂದಿಯನ್ನು ತಳ್ಳಿಕೊಂಡು ಹೋಗಿ ಅವಳ ಕೈಗೆ ಹೊಡೆದಳು. ಬೊಗಸೆಯ ನೀರು ಚೆಲ್ಲಿತು.

"ಯಾಕ ಆಯಿ, ಹುಚ್ಚ ಹಿಡದೈತೇನ ನಿನಗ?" ಎಂದಳು ನಾಗವ್ವ.

"ಕುಡೀಬ್ಯಾಡ. ಕುದಿಸಿ ಕುಡಿ."

"ನಿನ್ನ ಸೊಸಿ ಕುದಿಸಿ ಕುಡದಿದ್ಲಲ್ಲ."

"ಇಲ್ಲ," ಎಂದಳು ಹಾಲವ್ವ. ಎಲ್ಲರ ಕಡೆ ಒಮ್ಮೆ ನೋಡಿದಳು, ಸುಂದ್ರವ್ವನ ಕಡೆ ನೋಡಲು ಆಗಲಿಲ್ಲ. "ಆಕಿ ಕುದಿಸಿದ್ದ ಕುಡದಿಲ್ಲ. ನಾ ಕುದಿಸಿ, ಅದರಾಗ ಹಸೀ ನೀರ ಬೆರಸತಿದ್ನಿ. ದಿನಾ ಒಂದ ಚರಿಗಿ. ಹದಾ ಮಾಡಾಕ. ಸೋಸಿದ ನೀರ ಐತಿ, ಏನ್ ಆಗತೈತಿ ಅಂತ ಬೆರಸಿದ್ನಿ. ಕುದಿಸಿದ್ದಕ್ಕ ಜಡ್ಡ ಬಂದಿಲ್ಲ, ನಾ ಬೆರಸಿದ್ದಕ್ಕ ಬಂದೈತಿ. ಸೈಟಿನ್ಯಾಗೂ ನರ್ಸಬಾಯಿ ಕೊಟ್ಟ ದವಾ ಹಾಕಲಿಲ್ಲ ನಾ. ಮಲಗಿದವರಿಗೆಲ್ಲಾ ನನ್ನ ಕೈಲೇ ನೀರ ಕೊಟ್ಟೀನಿ."

ನಳ ತನ್ನ ಪಾಡಿಗೆ ಸುರಿಯುತ್ತಿತ್ತು, ಅಂದು ಮಾತ್ರ ಯಾರೂ ಕೊಡ ಹಿಡಿಯಲಿಲ್ಲ. "ಮುದುಕಿ ಮೊಮ್ಮಗಳನ್ನ ತಿಂದ್ಲು," ಎಂದಳು ಹಿಂದಿನಿಂದ ಯಾರೋ. ಸುಂದ್ರವ್ವ ಕೈಯಲ್ಲಿದ್ದ ಕೊಡವನ್ನು ಅಲ್ಲಿಯೇ ಇಟ್ಟು, ಮೆಲ್ಲಗೆ ಮನೆ ಕಡೆ ನಡೆದಳು.

ಆ ವಾರ ಧರ್ಮಣ್ಣ ಹಾಲವ್ವನನ್ನು ನೀರಿನ ಕೆಲಸದಿಂದ ತೆಗೆದೇಬಿಡುತ್ತಿದ್ದ. ವಿನೋದಿನಿ ಅಡ್ಡ ಬಂದಳು. ತಪ್ಪು ಎಲ್ಲಿ ಆಯಿತೆಂದು ತಿಳಿದವಳು ಈ ಸೈಟಿನಲ್ಲಿ ಇವಳೊಬ್ಬಳೇ, ಹೊಸಬರನ್ನು ತಂದರೆ ಮತ್ತೆ ಮೊದಲಿಂದ ಹೇಳಬೇಕಾಗುತ್ತದೆ ಎಂದಳು. ಮೂಲೆಯಲ್ಲಿದ್ದ ಹಳೆಯ ಸೀಸೆಯನ್ನು ಚೆಲ್ಲಿಸಿದಳು. ಆ ತಿಳಿ ಹಳೆಯದಾದರೆ ಕಸುವು ಉಳಿಯುವುದಿಲ್ಲವಂತೆ. ಹೊಸದು ಕೊಟ್ಟಳು. ಹಾಲವ್ವ ಈಗ ಪೀಪಾಯಿಗೆ ಅಳೆದು ಹಾಕುತ್ತಾಳೆ, ಅರ್ಧ ತಾಸು ಮುಗಿಯುವ ಮೊದಲು ಯಾರು ಬಂದು ಗದರಿಸಿದರೂ ಮುಚ್ಚಳ ತೆಗೆಯುವುದಿಲ್ಲ. ಕೈ ಅದ್ದಬಾರದೆಂದು ಉದ್ದ ಹಿಡಿಯ ಸವಟಿನಿಂದಲೇ ನೀರು ಹಾಕುತ್ತಾಳೆ. ನೀರಿಗೆ ವಾಸನೆ ಇದೆ ಎಂದು ಮಂದಿ ಮುಖ ಸಿಂಡರಿಸುತ್ತಾರೆ. ಹಾಲವ್ವನ ನೀರು ಎಂದು ಕೇಳಿಕೊಂಡು ಈಗ ಯಾರೂ ಬರುವುದಿಲ್ಲ.

ಓಣಿಯಲ್ಲಿ ಮತ್ತೆ ಒಲೆ ಹೊತ್ತಿದವು. ಸಂಜೆ ಕೆಲಸದಿಂದ ಬರುವಾಗ ಹೆಂಗಸರು ಬುಟ್ಟಿಯಲ್ಲಿ ಕಟ್ಟಿಗೆ ಚೂರು ತರುತ್ತಾರೆ. ಗಂಡಸರು ಅರ್ಜಿ ಬರೆಸಿ, ವಾರ್ಡ್ ಆಫೀಸಿಗೆ ಐದು ಸಲ ಅಲೆದು ಪೈಪು ರಿಪೇರಿ ಮಾಡಿಸಿದರು. ನಾಗವ್ವ ದಿನ ತುಂಬಿ ಹೆತ್ತಳು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಬಾಣಂತಿಗೆ ನೀರು ಕುದಿಸಿ ಆರಿಸಿ ಕೊಟ್ಟವಳು ಸುಂದ್ರವ್ವ. ಕೂಸನ್ನು ಎತ್ತಿಕೋ ಎಂದರೆ ಮಾತ್ರ ಕೈ ಚಾಚಲಿಲ್ಲ, ಒಲೆಯ ಮುಂದೆಯೇ ಕೂತಳು.

ಸುದ್ದಿ ಕೇಳಿದ ಶೆಟ್ಟೆಪ್ಪ ಕೆಲವು ದಿನ ತಾಯಿಯ ಮುಖ ನೋಡಲಿಲ್ಲ, ಆಮೇಲೆ ನೋಡಿದ. ಸುಂದ್ರವ್ವ ಅತ್ತೆಯ ಮೇಲೆ ಒಂದು ದಿನವೂ ಕೂಗಾಡಿಲ್ಲ. ಅಡುಗೆ ಮಾಡಿ ಬಡಿಸುತ್ತಾಳೆ, ನಡ ನೋಯುತ್ತದೆ ಎಂದರೆ ಎಣ್ಣೆ ತಿಕ್ಕುತ್ತಾಳೆ. ಆದರೆ ಅತ್ತೆಯ ಕೈಯಿಂದ ನೀರು ಈಸಿಕೊಳ್ಳುವುದಿಲ್ಲ. ಬಾಯಾರಿದರೆ ತಾನೇ ಎದ್ದು, ತಾನೇ ಕುದಿಸಿಟ್ಟದ್ದನ್ನು ತಾನೇ ಹಾಕಿಕೊಂಡು ಕುಡಿಯುತ್ತಾಳೆ. ಹಾಲವ್ವ ಅದನ್ನು ನೋಡುತ್ತಾಳೆ.

ತಾಯಂದಿರೇ, ಅಕ್ಕಂದಿರೇ, ಈ ಕಥೆ ಕೇಳಿ ಹಾಲವ್ವನನ್ನು ಬೈದು ಎದ್ದು ಹೋಗಬೇಡಿ. ಮೊದಲು ನಿಮ್ಮ ಅಡುಗೆಮನೆಗೆ ಹೋಗಿ ನೋಡಿ. ನೀರು ರಾಡಿಯಿದ್ದರೆ ಪಟಕ ತಿರುವಿ, ಬಟ್ಟೆಯಲ್ಲಿ ಸೋಸಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಕೊತಕೊತ ಕುದಿಸಿ, ಕುದಿ ಬಂದ ಮೇಲೂ ಐದು ನಿಮಿಷ ಬಿಡಿ. ನಾಳೆಯ ನೀರನ್ನು ಇವತ್ತು ಸಂಜೆಯೇ ಕುದಿಸಿ, ಕುದಿಸಿದ ಪಾತ್ರೆಯಲ್ಲೇ ಮುಚ್ಚಿ, ತಾನಾಗಿ ಆರಲು ಬಿಡಿ. ಅದಕ್ಕೆ ಒಂದು ಹನಿ ಹಸಿ ನೀರೂ ಬೀಳಬಾರದು, ಕೈಯೂ ಅದ್ದಬಾರದು. ಕುದಿಸಲು ಆಗದಷ್ಟು ನೀರಿದ್ದರೆ ದವಾಖಾನೆಗೆ ಹೋಗಿ ನೀರಿಗೆ ಹಾಕುವ ದವಾ ಕೇಳಿ, ಅವರು ಹೇಳಿದಷ್ಟೇ ಹಾಕಿ, ಅರ್ಧ ತಾಸು ಕಾಯಿರಿ. ಯಾರದಾದರೂ ಕಣ್ಣು ಹಳದಿಯಾದರೆ ದಾರ ಕಟ್ಟಿಸುತ್ತ ಕೂಡಬೇಡಿ, ಅಂದೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ತಿಳಿಯದೆ ತಪ್ಪು ಮಾಡಿದ್ದರೆ ನಾಲ್ಕು ಜನರ ಮುಂದೆ ಹೇಳಿಬಿಡಿ, ಪಕ್ಕದ ಮನೆಯವರಾದರೂ ಉಳಿದಾರು.

ನಿಮ್ಮ ಮನೆಯಲ್ಲೂ ಒಬ್ಬಳು ಸುಂದ್ರವ್ವ ಇದ್ದಾಳೆ. ನೀವು ಕೊಟ್ಟ ನೀರನ್ನು ಅವಳು ಏನೂ ಕೇಳದೆ ಕುಡಿಯುತ್ತಾಳೆ.